ಫಿಜಿ ಮತ್ತು ನೆಟ್‌ಲೋಗೊ: ಅಳೆಯೋಕೆ ಒಂದು, ಬೆಳೆಸೋಕೆ ಇನ್ನೊಂದು

ಕಾಸು ಕೊಡದೆ ಸಿಗುವ ಎರಡು ಸಾಫ್ಟ್‌ವೇರ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಫಿಜಿ. ಮೊಬೈಲ್ ಫೋಟೋ, ಮೈಕ್ರೋಸ್ಕೋಪ್ ಚಿತ್ರ, ಸ್ಕ್ಯಾನ್, ಏನನ್ನೇ ಕೊಟ್ಟರೂ ಅದರೊಳಗಿನ ಆಕಾರಗಳನ್ನು ಅಳೆದು ಸಂಖ್ಯೆ ಕೊಡುತ್ತದೆ. ಇನ್ನೊಂದು ನೆಟ್‌ಲೋಗೊ. ಸಣ್ಣ ಸಣ್ಣ ನಿಯಮ ಬರೆದು ಸಾವಿರಾರು ಕಣಗಳನ್ನೋ, ಕುರಿಗಳನ್ನೋ, ಕಾರುಗಳನ್ನೋ ಪರದೆ ಮೇಲೆ ಬಿಟ್ಟರೆ, ಎಲ್ಲ ಸೇರಿ ಏನು ಮಾಡುತ್ತವೆ ಅಂತ ನೋಡಬಹುದು.

ಎರಡನ್ನೂ ಬೇರೆ ಬೇರೆಯಾಗಿ ಬಳಸುವವರು ತುಂಬಾ ಜನ ಇದ್ದಾರೆ. ಜೀವಶಾಸ್ತ್ರದವರು ಫಿಜಿ ಹಿಡಿದಿರುತ್ತಾರೆ, ಸಮಾಜಶಾಸ್ತ್ರದವರೂ ಪರಿಸರದವರೂ ನೆಟ್‌ಲೋಗೊ ಹಿಡಿದಿರುತ್ತಾರೆ. ನಾನು ದಾವಣಗೆರೆ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕೊನೆ ವರ್ಷದ ಬಿಎಸ್ಸಿ ಮಕ್ಕಳ ಪ್ರಾಜೆಕ್ಟ್‌ಗೆ ಇವೆರಡನ್ನೂ ಜೋಡಿಯಾಗಿಯೇ ಕೊಡುತ್ತೇನೆ. ಹೀಗೆ ಮಾಡಿದಾಗ ಸಿಗುವ ಲಾಭ ಒಂಟಿಯಾಗಿ ಬಳಸಿದಾಗ ಸಿಗೋದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೆಟ್‌ಲೋಗೊದಲ್ಲಿ ಬೆಳೆಸಿದ ಚಿತ್ರವನ್ನೂ ಫಿಜಿಗೆ ಹಾಕಿ ಅಳೆಯಬೇಕು. ನಿಜವಾದ ವಸ್ತುವಿನ ಫೋಟೋವನ್ನು ಅಳೆದ ಅದೇ ಮೆನು, ಅದೇ ಸೆಟ್ಟಿಂಗ್. ಆಗ ಮಾತ್ರ ಮಾದರಿ ನಿಜಕ್ಕೆ ಎಷ್ಟು ಹತ್ತಿರ ಇದೆ ಅಂತ ಗೊತ್ತಾಗುತ್ತದೆ. ಕಣ್ಣಿಗೆ ಒಂದೇ ಥರ ಕಾಣಿಸಿದರೆ ಸಾಲದು.

ಮೊದಲು ಫಿಜಿ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅನ್ನುವವರು 1987ರಲ್ಲಿ ಮ್ಯಾಕಿಂಟೋಷ್ ಕಂಪ್ಯೂಟರ್‌ಗಾಗಿ ಎನ್‌ಐಎಚ್ ಇಮೇಜ್ ಅಂತ ಒಂದು ಪ್ರೋಗ್ರಾಂ ಬರೆದರು. 1997ರಲ್ಲಿ ಅದನ್ನೇ ಜಾವಾದಲ್ಲಿ ಹೊಸದಾಗಿ ಬರೆದು, ಎಲ್ಲ ಕಂಪ್ಯೂಟರ್‌ಗಳಲ್ಲೂ ಓಡುವ ಹಾಗೆ ಮಾಡಿದರು. ಅದು ಇಮೇಜ್‌ಜೆ. ಅದರ ಮೇಲೆ ನೂರಾರು ಜನ ತಮಗೆ ಬೇಕಾದ ಪ್ಲಗಿನ್, ಅಂದರೆ ಜೊತೆಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಬರೆಯುತ್ತಾ ಹೋದರು. ಯಾವುದು ಎಲ್ಲಿ ಸಿಗುತ್ತದೆ, ಯಾವುದಕ್ಕೆ ಇನ್ಯಾವುದು ಬೇಕು ಅನ್ನೋದೇ ದೊಡ್ಡ ತಲೆನೋವಾಯಿತು. ಇಮೇಜ್‌ಜೆ ಜೊತೆಗೆ ಮುಖ್ಯ ಪ್ಲಗಿನ್‌ಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಕೊಟ್ಟು, ತಾನಾಗೇ ಅಪ್‌ಡೇಟ್ ಆಗುವ ಹಾಗೆ ಮಾಡಿದ್ದು ಫಿಜಿ. ಜರ್ಮನಿಯ ಡ್ರೆಸ್ಡನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಇದರ ಕೆಲಸ ಬೆಳೆಯಿತು. ಯೋಹಾನೆಸ್ ಶಿಂಡೆಲಿನ್ ಮತ್ತು ಜೊತೆಗಾರರು ಇದರ ಬಗ್ಗೆ 2012ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಬರೆದರು.

ಇನ್‌ಸ್ಟಾಲ್ ಮಾಡುವ ಗೊಡವೆಯೇ ಇಲ್ಲ. ಜಿಪ್ ಫೈಲ್ ಇಳಿಸಿ, ಬಿಚ್ಚಿ, ಒಳಗಿನ ಐಕಾನ್ ಒತ್ತಿದರೆ ಶುರು. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಲ್ಯಾಬ್‌ನಿಂದ ಲ್ಯಾಬ್‌ಗೆ ಓಡಾಡಬಹುದು. ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೆ ಮಾತ್ರ ಇಡಬೇಡಿ, ಅಲ್ಲಿ ಅಪ್‌ಡೇಟ್‌ಗೆ ಅನುಮತಿಯ ತೊಂದರೆ ಬರುತ್ತದೆ. ತೆರೆದಾಗ ಕಾಣೋದು ಒಂದು ಸಣ್ಣ ಪಟ್ಟಿ, ಅಷ್ಟೇ. ಹೊಸಬರು "ಉಳಿದದ್ದೆಲ್ಲಿ ಮೇಡಂ?" ಅಂತಲೇ ಕೇಳುತ್ತಾರೆ. ಉಳಿದದ್ದೆಲ್ಲ ಮೆನು ಒಳಗಿದೆ. ಮೆನು ತುಂಬಾ ಆಳ. ಅದಕ್ಕೇ ಒಂದು ಕೀ ನೆನಪಿಟ್ಟುಕೊಳ್ಳಿ: ಎಲ್. ಅದನ್ನು ಒತ್ತಿ ಬೇಕಾದ ಕೆಲಸದ ಹೆಸರಿನ ಮೊದಲ ಅಕ್ಷರಗಳನ್ನು ಟೈಪ್ ಮಾಡಿದರೆ ಹುಡುಕಿ ಕೊಡುತ್ತದೆ.

ಎಂಜಿನಿಯರಿಂಗ್‌ನವರಿಗೂ ಇದು ಎಷ್ಟು ಉಪಯೋಗ ಅನ್ನೋದಕ್ಕೆ ಫೌಂಡ್ರಿಯ ಉದಾಹರಣೆ ಕೊಡುತ್ತೇನೆ. ಬೆಳಗಾವಿಯಲ್ಲಿ ಎರಕದ ಕಾರ್ಖಾನೆಗಳು ಎಷ್ಟಿವೆ ಅಂತ ನಿಮಗೂ ಗೊತ್ತು. ಎಸ್‌ಜಿ ಐರನ್ (ಗ್ರಾಫೈಟ್ ಗುಂಡಾಗಿ ಕೂರುವ ಎರಕದ ಕಬ್ಬಿಣ) ಎರಕ ಹಾಕಿದ ಮೇಲೆ ಒಂದು ತುಂಡನ್ನು ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ಇಡುತ್ತಾರೆ. ಗ್ರಾಫೈಟ್ ಗುಂಡು ಗುಂಡಾಗಿ ಕೂತಿದೆಯಾ ಅಂತ ನೋಡಬೇಕು. ಗುಂಡಾಗಿದ್ದರೆ ಕಬ್ಬಿಣ ಬಾಗುತ್ತದೆ, ಹಾಳೆ ಹಾಳೆಯಾಗಿದ್ದರೆ ಬಿರುಕು ಬಿಡುತ್ತದೆ. ಫಿಜಿಯ ಅನಲೈಜ್ ಪಾರ್ಟಿಕಲ್ಸ್ ಆ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಂದರ ವಿಸ್ತೀರ್ಣ, ಸುತ್ತಳತೆ, ಎಷ್ಟು ದುಂಡಗಿದೆ ಅನ್ನೋ ಸಂಖ್ಯೆ ಕೊಡುತ್ತದೆ. ಪೂರ್ತಿ ವೃತ್ತಕ್ಕೆ 1, ಹರಡಿದ ಆಕಾರಕ್ಕೆ ಸೊನ್ನೆಯ ಕಡೆಗೆ. ಕಣ್ಣಂದಾಜಿನಲ್ಲಿ ಇಬ್ಬರು ಇಬ್ಬರ ಥರ ಹೇಳುವ ವಿಷಯ ಇಲ್ಲಿ ಸಂಖ್ಯೆಯಾಗುತ್ತದೆ. ಜೀವಕೋಶ ಎಣಿಸುವವರು ಬಳಸೋದೂ ಇದೇ ಮೆನುವನ್ನೇ.

ಆದರೆ ನಾನು ನಿಂತು ಮಾತಾಡಬೇಕು ಅಂದುಕೊಂಡಿರೋದು ಬೇರೆ ಒಂದು ಪ್ರಾಜೆಕ್ಟ್ ಬಗ್ಗೆ. ತಾಮ್ರದ ಮರ.

ಮೈಲುತುತ್ತ ನಮ್ಮ ಕಡೆ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಮಾಡೋಕೆ ಅದು ಬೇಕೇ ಬೇಕಲ್ವಾ. ಲ್ಯಾಬ್‌ನ ಶುದ್ಧ ಕಾಪರ್ ಸಲ್ಫೇಟ್ ಇದ್ದರೆ ಇನ್ನೂ ಒಳ್ಳೆಯದು. ತೆಳ್ಳಗೆ ಕರಗಿಸಿದ ನೀರನ್ನು ಪೆಟ್ರಿ ತಟ್ಟೆಯಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ ಹಾಕಬೇಕು. ತಟ್ಟೆಯ ಅಂಚಿಗೆ ತಾಮ್ರದ ತಂತಿಯ ಬಳೆ, ಅದು ಪ್ಲಸ್. ನಡುವೆ ಪೆನ್ಸಿಲ್ ಕಡ್ಡಿಯ ಚೂಪು ತುದಿ, ಅದು ಮೈನಸ್. ಡಿಸಿ ಪವರ್ ಸಪ್ಲೈನಿಂದ ಕೆಲವೇ ವೋಲ್ಟ್ ಕೊಟ್ಟರೆ ನಡುವಿನಿಂದ ಹೊರಕ್ಕೆ ತಾಮ್ರದ ಕೊಂಬೆಗಳು ಬೆಳೆಯುತ್ತವೆ. ಕೊಂಬೆಗೆ ಕವಲು, ಕವಲಿಗೆ ಮತ್ತೆ ಕವಲು. ವೋಲ್ಟೇಜ್ ಜಾಸ್ತಿ ಮಾಡಿದರೆ ಆಕಾರವೇ ಬದಲಾಗಿ ಕೊಂಬೆಗಳು ಒತ್ತೊತ್ತಾಗಿ ಬರುತ್ತವೆ. ಕೆಲಸ ಮುಗಿದ ಮೇಲೆ ಆ ನೀರನ್ನು ಚರಂಡಿಗೆ ಚೆಲ್ಲಬಾರದು, ಮೀನುಗಳಿಗೆ ಅದು ವಿಷ. ಬಾಟಲಿಯಲ್ಲಿ ಎತ್ತಿಟ್ಟು ಮುಂದಿನ ಬ್ಯಾಚ್‌ಗೆ ಬಳಸಿ.

ಫೋಟೋ ತೆಗೆಯೋದು ಹೇಗೆ ಅನ್ನೋದೇ ಅರ್ಧ ಕೆಲಸ. ತಟ್ಟೆಯ ಕೆಳಗೆ ಬಿಳಿ ಎಲ್‌ಇಡಿ ಪ್ಯಾನೆಲ್ ಇಡಿ. ಫೋನನ್ನು ನೇರ ಮೇಲೆ ಸ್ಟ್ಯಾಂಡ್‌ಗೆ ಕಟ್ಟಿ. ಪಕ್ಕದಲ್ಲೊಂದು ಸ್ಕೇಲ್ ಇರಲಿ. ಆ ಚಿತ್ರವನ್ನು ಫಿಜಿಯಲ್ಲಿ ತೆರೆದು, ಸ್ಕೇಲ್‌ನ ಮೇಲೆ ಗೆರೆ ಎಳೆದು, ಇಷ್ಟು ಪಿಕ್ಸೆಲ್ ಅಂದರೆ ಇಷ್ಟು ಮಿಲಿಮೀಟರ್ ಅಂತ ಸೆಟ್ ಸ್ಕೇಲ್‌ನಲ್ಲಿ ಹೇಳಬೇಕು.

ಆಮೇಲೆ ಬರೋದು ನನಗೆ ತುಂಬಾ ಇಷ್ಟದ ಹೆಜ್ಜೆ. ಬಣ್ಣದ ಫೋಟೋವನ್ನು ಸ್ಪ್ಲಿಟ್ ಚಾನೆಲ್ಸ್ ಅಂತ ಕೊಟ್ಟರೆ ಕೆಂಪು, ಹಸಿರು, ನೀಲಿ ಮೂರು ಬೇರೆ ಬೇರೆ ಕಪ್ಪುಬಿಳುಪು ಚಿತ್ರವಾಗುತ್ತದೆ. ಯಾವುದನ್ನು ಇಟ್ಟುಕೊಳ್ಳೋದು? ಮಕ್ಕಳು ಸಾಮಾನ್ಯವಾಗಿ ಕೆಂಪು ಅನ್ನುತ್ತಾರೆ, ತಾಮ್ರ ಕೆಂಪಗಿದೆಯಲ್ಲ ಅಂತ. ತೆರೆದು ನೋಡಿ. ಕೆಂಪು ಚಾನೆಲ್‌ನಲ್ಲಿ ಮರವೂ ಕಪ್ಪು, ಸುತ್ತಲಿನ ನೀರೂ ಮಬ್ಬು. ಮೈಲುತುತ್ತದ ನೀರು ನೀಲಿಯಾಗಿ ಕಾಣೋದು ಅದು ಕೆಂಪು ಬೆಳಕನ್ನು ಹೀರಿಕೊಳ್ಳೋದರಿಂದ. ನೀಲಿ ಚಾನೆಲ್‌ನಲ್ಲಿ ನೀರು ಬೆಳ್ಳಗಿರುತ್ತದೆ. ತಾಮ್ರದ ಮೂಲಕ ಯಾವ ಬೆಳಕೂ ಬರೋದಿಲ್ಲ, ಹಾಗಾಗಿ ಮರ ಮಾತ್ರ ಕಪ್ಪಗೆ ಎದ್ದು ಕಾಣುತ್ತದೆ. ಪುಸ್ತಕದಲ್ಲಿ ಓದಿದ ಬೆಳಕಿನ ಪಾಠ ಇಲ್ಲಿ ಒಂದು ಮೌಸ್ ಕ್ಲಿಕ್‌ನಲ್ಲಿ ಕೈಗೆ ಬರುತ್ತದೆ. ಹತ್ತು ಪುಟ ಪಾಠ ಮಾಡಿದರೂ ಆಗದ್ದು ಇದು.

ಪ್ಯಾನೆಲ್‌ನ ಬೆಳಕು ಎಲ್ಲ ಕಡೆ ಒಂದೇ ಸಮ ಇರೋದಿಲ್ಲ. ಅದಕ್ಕೆ ಸಬ್‌ಟ್ರ್ಯಾಕ್ಟ್ ಬ್ಯಾಕ್‌ಗ್ರೌಂಡ್ ಇದೆ. ರೇಡಿಯಸ್ 50 ಪಿಕ್ಸೆಲ್ ಅಂತ ತಾನೇ ತುಂಬಿಕೊಂಡು ಬರುತ್ತದೆ, ಹಾಗೇ ಬಿಡಬೇಡಿ. ಮರದ ನಡುವಿನ ದಟ್ಟ ಭಾಗ ಅದಕ್ಕಿಂತ ದೊಡ್ಡದಿದ್ದರೆ ಅದನ್ನೂ ಹಿನ್ನೆಲೆ ಅಂದುಕೊಂಡು ಅಳಿಸಿಬಿಡುತ್ತದೆ. ಅಲ್ಲೇ ಇರುವ ಲೈಟ್ ಬ್ಯಾಕ್‌ಗ್ರೌಂಡ್ ಅನ್ನೋ ಡಬ್ಬಿಗೆ ಟಿಕ್ ಹಾಕಬೇಕು.

ಮುಂದೆ ಥ್ರೆಶೋಲ್ಡ್. ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರ ತನಕ ಒಂದು ಬೆಲೆ ಇದೆ. ಎಲ್ಲಿ ಗೆರೆ ಎಳೆದು ಈ ಕಡೆ ಮರ, ಆ ಕಡೆ ನೀರು ಅನ್ನಬೇಕು? ಫಿಜಿಯಲ್ಲಿ ಇದಕ್ಕೆ ಹದಿನೈದಕ್ಕೂ ಹೆಚ್ಚು ವಿಧಾನ ಇವೆ. ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಕೊಟ್ಟ ವಿಧಾನ ಎಲ್ಲರಿಗೂ ಪರಿಚಯ. ಕಪ್ಪು ಗುಂಪು ಮತ್ತು ಬಿಳಿ ಗುಂಪು ಒಂದರಿಂದ ಒಂದು ಆದಷ್ಟು ದೂರ ಬೀಳುವ ಕಡೆ ಅದು ಗೆರೆ ಎಳೆಯುತ್ತದೆ. ಆಟೋ ಥ್ರೆಶೋಲ್ಡ್‌ನಲ್ಲಿ ಟ್ರೈ ಆಲ್ ಅಂತ ಇದೆ. ಅದನ್ನು ಒತ್ತಿದರೆ ಎಲ್ಲ ವಿಧಾನಗಳ ಫಲಿತಾಂಶ ಒಂದೇ ಹಾಳೆಯಲ್ಲಿ ಸಾಲಾಗಿ ಬರುತ್ತದೆ. ಇದು ಫಿಜಿಯ ದೊಡ್ಡ ಗುಣ ಅಂತ ನಾನು ಹೇಳುತ್ತೇನೆ. ಒಂದೇ ಫೋಟೋ, ಒಂದು ವಿಧಾನದಲ್ಲಿ ಸಪೂರ ಮರ, ಇನ್ನೊಂದರಲ್ಲಿ ದಪ್ಪ ಮರ, ಮತ್ತೊಂದರಲ್ಲಿ ಮರವೇ ಇಲ್ಲ. ಚಿತ್ರದಿಂದ ಬಂದ ಸಂಖ್ಯೆಯ ಹಿಂದೆ ಯಾರದ್ದೋ ಒಂದು ತೀರ್ಮಾನ ಇರುತ್ತದೆ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ತೋರಿಸೋಕೆ ಆಗೋದಿಲ್ಲ. ನಮ್ಮ ವರದಿಯಲ್ಲಿ ಯಾವ ವಿಧಾನ, ಯಾಕೆ ಅಂತ ಬರೆಯದೆ ಮುಂದೆ ಹೋಗುವ ಹಾಗಿಲ್ಲ.

ಮರವನ್ನು ವ್ಯಾಂಡ್ ಟೂಲ್‌ನಿಂದ ಮುಟ್ಟಿ, ಹೊರಗಿನ ಧೂಳಿನ ಚುಕ್ಕೆಗಳನ್ನು ಅಳಿಸಿದರೆ ಅಳತೆಗೆ ಸಿದ್ಧ. ಏನನ್ನು ಅಳೆಯೋದು? ಈ ಮರಕ್ಕೆ ಉದ್ದ, ಅಗಲ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಅದು ಜಾಗವನ್ನು ಎಷ್ಟು ತುಂಬುತ್ತದೆ ಅಂತ ಹೇಳಬೇಕು. ಚಿತ್ರದ ಮೇಲೆ ಚೌಕಗಳ ಬಲೆ ಹಾಕಿ, ಎಷ್ಟು ಚೌಕದಲ್ಲಿ ಮರ ಸಿಕ್ಕಿತು ಎಣಿಸಿ. ಚೌಕದ ಅಳತೆ ಅರ್ಧ ಮಾಡಿ ಮತ್ತೆ ಎಣಿಸಿ. ನೇರ ಗೆರೆ ಆದರೆ ಎಣಿಕೆ 2 ಪಟ್ಟು ಆಗುತ್ತದೆ. ತುಂಬಿದ ವೃತ್ತ ಆದರೆ 4 ಪಟ್ಟು. ನಮ್ಮ ಮರದ ಥರದ ಆಕಾರಕ್ಕೆ ಇವೆರಡರ ನಡುವೆ ಬರುತ್ತದೆ, ಸುಮಾರು 3.27 ಪಟ್ಟು. ಗೆರೆಗೆ ಆಯಾಮ 1, ವೃತ್ತಕ್ಕೆ 2, ಇದಕ್ಕೆ ಸುಮಾರು 1.71. ಇದನ್ನೇ ಫ್ರಾಕ್ಟಲ್ ಆಯಾಮ ಅನ್ನುತ್ತಾರೆ. ಫಿಜಿಯಲ್ಲಿ ಫ್ರಾಕ್ಟಲ್ ಬಾಕ್ಸ್ ಕೌಂಟ್ ಅಂತ ಇದೆ. 2, 3, 4, 6, 8, 12, 16, 32, 64 ಪಿಕ್ಸೆಲ್ ಚೌಕಗಳಲ್ಲಿ ತಾನೇ ಎಣಿಸಿ ಗ್ರಾಫ್ ಹಾಕಿ ಕೊಡುತ್ತದೆ. ಆ ಗ್ರಾಫ್‌ನ ಇಳಿಜಾರೇ ಆಯಾಮ.

ಮರವನ್ನು ಅಳೆಯುವ ಮುಂಚೆ ಒಂದು ಗೆರೆ, ಒಂದು ತುಂಬಿದ ವೃತ್ತ ಬರೆದು ಅಳೆಯಿಸುತ್ತೇನೆ. 1ರ ಹತ್ತಿರ, 2ರ ಹತ್ತಿರ ಬಂದರೆ ಮುಂದಕ್ಕೆ ಹೋಗಬಹುದು. ಮರಕ್ಕೂ 2ರ ಹತ್ತಿರದ ಸಂಖ್ಯೆ ಬಂದರೆ ಹಿನ್ನೆಲೆ ಕಪ್ಪೋ ಬಿಳಿಯೋ ಅಂತ ಹೇಳುವ ಬ್ಲ್ಯಾಕ್ ಬ್ಯಾಕ್‌ಗ್ರೌಂಡ್ ಡಬ್ಬಿ ನೋಡಿ. ಅದು ತಪ್ಪಾಗಿದ್ದರೆ ಫಿಜಿ ಮರವನ್ನು ಬಿಟ್ಟು ನೀರನ್ನು ಎಣಿಸಿರುತ್ತದೆ. ಇಲ್ಲಿ ಫಿಜಿ ಎಚ್ಚರಿಕೆ ಏನೂ ಕೊಡೋದಿಲ್ಲ, ಕೊಡಬೇಕಿತ್ತು.

ನಮ್ಮ ತಟ್ಟೆಗಳಲ್ಲಿ 1.7ರ ಆಸುಪಾಸು ಬರುತ್ತದೆ. ತಟ್ಟೆಯಿಂದ ತಟ್ಟೆಗೆ, ಥ್ರೆಶೋಲ್ಡ್‌ನಿಂದ ಥ್ರೆಶೋಲ್ಡ್‌ಗೆ ಸ್ವಲ್ಪ ಆಚೀಚೆ ಆಗುತ್ತದೆ. ಜಪಾನಿನ ಮತ್ಸುಷಿತಾ ಮತ್ತು ಜೊತೆಗಾರರು 1984ರಲ್ಲಿ ಸತುವಿನ ಎಲೆಗಳನ್ನು ಹೀಗೇ ಬೆಳೆಸಿ 1.66 ಅಂತ ಅಳೆದಿದ್ದರು. ಡಿಗ್ರಿ ಕಾಲೇಜಿನ ಮಕ್ಕಳು ಫೋನ್ ಕ್ಯಾಮೆರಾದಲ್ಲಿ ಅದರ ಹತ್ತಿರ ಬರುತ್ತಾರೆ ಅಂದರೆ ನನಗೆ ನಿಜಕ್ಕೂ ಹೆಮ್ಮೆ.

ಈಗ ನೆಟ್‌ಲೋಗೊಗೆ ಬರೋಣ. ಇದನ್ನು 1999ರಲ್ಲಿ ಯೂರಿ ವಿಲೆನ್ಸ್ಕಿ ಶುರು ಮಾಡಿದರು. ಈಗ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಬರುತ್ತದೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸೋಕೆ 1967ರಲ್ಲಿ ಹುಟ್ಟಿದ ಲೋಗೊ ಭಾಷೆಯ ವಂಶ ಇದು. ಅಲ್ಲಿ ಒಂದು ಆಮೆ ಪರದೆ ಮೇಲೆ ಗೆರೆ ಎಳೆಯುತ್ತಾ ಹೋಗುತ್ತಿತ್ತು. ಇಲ್ಲಿ ಸಾವಿರಾರು ಆಮೆಗಳು, ಎಲ್ಲಕ್ಕೂ ತಮ್ಮ ತಮ್ಮ ನಿಯಮ. ಕೆಳಗಿನ ನೆಲವೂ ಸುಮ್ನೆ ಇರೋದಿಲ್ಲ. ಅದು ಚೌಕ ಚೌಕವಾಗಿ ಪ್ಯಾಚ್‌ಗಳಾಗಿದೆ, ಅವಕ್ಕೂ ನಿಯಮ ಬರೆಯಬಹುದು.

ಪರದೆಯಲ್ಲಿ ಮೂರು ಟ್ಯಾಬ್. ಒಂದರಲ್ಲಿ ಓಡುವ ಮಾದರಿ, ಗುಂಡಿಗಳು, ಸ್ಲೈಡರ್‌ಗಳು. ಇನ್ನೊಂದರಲ್ಲಿ ಕೋಡ್. ನಡುವಿನ ಇನ್ಫೋ ಟ್ಯಾಬ್‌ನಲ್ಲಿ ಈ ಮಾದರಿ ಏನು, ಹೇಗೆ ನಡೆಯುತ್ತದೆ, ಏನನ್ನು ಗಮನಿಸಬೇಕು, ಏನು ಬದಲಾಯಿಸಿ ನೋಡಬೇಕು ಅಂತ ಸರಳವಾಗಿ ಬರೆದಿದ್ದಾರೆ. ಪಠ್ಯಪುಸ್ತಕ ಬರೆಯುವವರು ಇದನ್ನು ನೋಡಿ ಕಲಿಯಬೇಕು. ಜೊತೆಗೆ ಬರುವ ಮಾದರಿಗಳ ಲೈಬ್ರರಿ ತುಂಬಾ ದೊಡ್ಡದು. ಕಾಡಿನ ಬೆಂಕಿ, ತೋಳ ಮತ್ತು ಕುರಿ, ಹಕ್ಕಿ ಹಿಂಡು, ಟ್ರಾಫಿಕ್ ಜಾಮ್, ಹರಡುವ ರೋಗ, ಎಲ್ಲ ಇದೆ.

ನಮಗೆ ಬೇಕಾದದ್ದು ಡಿಎಲ್ಎ, ಅಂದರೆ ಡಿಫ್ಯೂಷನ್ ಲಿಮಿಟೆಡ್ ಅಗ್ರಿಗೇಷನ್: ಅಲೆದಾಡುವ ಕಣಗಳು ಅಂಟಿಕೊಂಡು ಬೆಳೆಯುವ ಗುಂಪು. ಟಾಮ್ ವಿಟ್ಟನ್ ಮತ್ತು ಲೆನ್ ಸ್ಯಾಂಡರ್ 1981ರಲ್ಲಿ ಕೊಟ್ಟ ಮಾದರಿ. ನಡುವೆ ಒಂದು ಬೀಜ. ಸುತ್ತ ಕಣಗಳು ಗೊತ್ತುಗುರಿಯಿಲ್ಲದೆ ಅಲೆಯುತ್ತವೆ. ಯಾವುದಾದರೂ ಬಂದು ಬೀಜಕ್ಕೆ ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಮುಂದಿನದು ಅದಕ್ಕೆ ತಾಗಿ ಅಂಟಿಕೊಳ್ಳುತ್ತದೆ. ಇಷ್ಟೇ ನಿಯಮ. ಕವಲು ಒಡೆ ಅಂತ ಯಾರೂ ಹೇಳಿಲ್ಲ. ಆದರೂ ಕಣ್ಣೆದುರೇ ಕವಲೊಡೆದ ಮರ ಬೆಳೆಯುತ್ತದೆ. ಯಾಕೆ ಅನ್ನೋದನ್ನು ವೇಗ ಕಡಿಮೆ ಮಾಡಿ ನೋಡಿದರೆ ತಿಳಿಯುತ್ತದೆ. ಸ್ವಲ್ಪ ಹೊರಗೆ ಚಾಚಿದ ತುದಿಗೆ ಅಲೆಯುವ ಕಣ ಮೊದಲು ತಾಗುತ್ತದೆ. ಹಾಗಾಗಿ ಅದು ಇನ್ನೂ ಚಾಚುತ್ತದೆ. ಎರಡು ಕೊಂಬೆಗಳ ನಡುವಿನ ಸಂದಿಗೆ ಹೋಗುವ ಕಣ ದಾರಿಯಲ್ಲೇ ಯಾವುದಾದರೂ ಪಕ್ಕಕ್ಕೆ ಅಂಟಿಬಿಡುತ್ತದೆ. ಒಳಗೆ ತಲುಪೋದೇ ಇಲ್ಲ. ಊಟದ ಪಂಕ್ತಿಯಲ್ಲಿ ಬಾಗಿಲ ಹತ್ತಿರ ಕೂತವರಿಗೇ ಹೋಳಿಗೆ ಖಾಲಿಯಾಗಿ ಕೊನೆಯವರಿಗೆ ಸಿಗದ ಹಾಗೆ. ತಟ್ಟೆಯಲ್ಲೂ ನಡೆಯೋದು ಇದೇ: ನೀರಿನಲ್ಲಿ ಅಲೆಯುವ ತಾಮ್ರದ ಅಯಾನುಗಳನ್ನು ತುದಿಗಳೇ ಹಿಡಿದುಕೊಳ್ಳುತ್ತವೆ.

ಮರ ಬೆಳೆದ ಮೇಲೆ ಎಕ್ಸ್‌ಪೋರ್ಟ್ ವ್ಯೂ ಅಂತ ಕೊಟ್ಟು ಚಿತ್ರವಾಗಿ ಉಳಿಸಿ, ಫಿಜಿಯಲ್ಲಿ ತೆರೆಯಿರಿ. ಇಲ್ಲೊಂದು ವಿಷಯ ನೋಡಿಕೊಳ್ಳಬೇಕು. ನೆಟ್‌ಲೋಗೊದಲ್ಲಿ ಒಂದು ಪ್ಯಾಚ್ ಪರದೆಯ ಮೇಲೆ ಎಷ್ಟು ಪಿಕ್ಸೆಲ್ ಇರಬೇಕು ಅಂತ ಸೆಟ್ಟಿಂಗ್ ಇದೆ. ಅದು 4 ಅಂತಿದ್ದರೆ ಮರದ ಪ್ರತಿ ಕಣವೂ 4 ಪಿಕ್ಸೆಲ್ ಅಗಲದ ತುಂಬಿದ ಚೌಕ. ಫಿಜಿಯ 2 ಮತ್ತು 3 ಪಿಕ್ಸೆಲ್ ಬಲೆಗೆ ಕಾಣೋದು ಬರೀ ತುಂಬಿದ ಚೌಕಗಳೇ, ಮರ ಅಲ್ಲವೇ ಅಲ್ಲ. ಆ ಬಿಂದುಗಳಲ್ಲಿ ಗ್ರಾಫ್ 2ರ ಇಳಿಜಾರಿನ ಕಡೆ ಬಾಗಿ, ಒಟ್ಟು ಆಯಾಮ ಸುಳ್ಳೇ ಜಾಸ್ತಿ ಬರುತ್ತದೆ. ಪ್ಯಾಚ್ ಅಳತೆ 1 ಮಾಡಿ ಎಕ್ಸ್‌ಪೋರ್ಟ್ ಮಾಡಿ, ಇಲ್ಲವಾದರೆ ಸಣ್ಣ ಚೌಕಗಳನ್ನು ಲೆಕ್ಕದಿಂದ ತೆಗೆಯಿರಿ. ಫೋಟೋಗೂ ಇದೇ ಮಾತು. ತಾಮ್ರದ ಕೊಂಬೆಯ ದಪ್ಪಕ್ಕಿಂತ ಸಣ್ಣ ಚೌಕ ಕೊಂಬೆಯ ಒಳಗೇ ಸುತ್ತುತ್ತಿರುತ್ತದೆ. ಇಡೀ ಮರದಷ್ಟೇ ದೊಡ್ಡ ಚೌಕವೂ ಏನನ್ನೂ ಹೇಳೋದಿಲ್ಲ. ನಡುವೆ ಗ್ರಾಫ್ ನೇರವಾಗಿರುವ ಭಾಗವನ್ನು ಮಾತ್ರ ನಂಬಬೇಕು.

ಎರಡೂ ಕಡೆ 1.7ರ ಹತ್ತಿರ ಬಂದಾಗ ತರಗತಿಯಲ್ಲಿ ಸಂಭ್ರಮ. ಕೆಲಸ ನಿಜವಾಗಿ ಶುರುವಾಗೋದು ಆಮೇಲೆ. ಒಬ್ಬ ಹುಡುಗಿ ಕೋಡ್ ಟ್ಯಾಬ್‌ಗೆ ಹೋಗಿ, ತಾಗಿದ ಕಣ ಪ್ರತಿ ಸಲ ಅಂಟಬಾರದು, ಹತ್ತರಲ್ಲಿ ಒಂದು ಸಲ ಮಾತ್ರ ಅಂಟಬೇಕು ಅಂತ ಬದಲಾಯಿಸಿದಳು. ಅದಕ್ಕೆ ಬೇಕಾದ್ದು ಒಂದೆರಡು ಸಾಲು, ಅಷ್ಟೇ. ಈಗ ಕಣಗಳಿಗೆ ಸಂದಿಯೊಳಗೆ ನುಗ್ಗೋಕೆ ಅವಕಾಶ ಸಿಕ್ಕಿ ಕೊಂಬೆಗಳು ದಪ್ಪಗಾದವು. ನಮ್ಮ ತಟ್ಟೆಯ ಮರದ ಹಾಗೆ ಕಾಣತೊಡಗಿತು. "ಮೇಡಂ, ಇದೇ ಸರಿಯಾದ ಮಾದರಿ" ಅಂದಳು. ಅಳೆದು ನೋಡು ಅಂದೆ. ಸಣ್ಣ ಚೌಕಗಳ ಕಡೆ ಮಾತ್ರ ಗ್ರಾಫ್ ಬದಲಾಗಿತ್ತು, ದೊಡ್ಡ ಚೌಕಗಳ ಕಡೆ ಇಳಿಜಾರು ಹೆಚ್ಚುಕಡಿಮೆ ಮೊದಲಿನ ಹಾಗೇ ಇತ್ತು. ಅಂಟುವ ಗುಣ ಕೊಂಬೆಯ ದಪ್ಪವನ್ನು ತೀರ್ಮಾನಿಸುತ್ತದೆ, ದೂರದಿಂದ ಕಾಣುವ ಒಟ್ಟು ಆಕಾರವನ್ನು ಅಲೆದಾಟ ತೀರ್ಮಾನಿಸುತ್ತದೆ ಅಂತ ಅವಳೇ ಬಿಡಿಸಿ ಹೇಳಿದಳು. ಬರೀ ನೆಟ್‌ಲೋಗೊ ಇದ್ದಿದ್ದರೆ ಚಿತ್ರ ನೋಡಿ ಒಪ್ಪಿಕೊಂಡು ಮುಗಿಸುತ್ತಿದ್ದೆವು. ಬರೀ ಫಿಜಿ ಇದ್ದಿದ್ದರೆ 1.7 ಅಂತ ಬರೆದು ಮುಗಿಸುತ್ತಿದ್ದೆವು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕಣ್ಣಿನ ರೆಟಿನಾದ ರಕ್ತನಾಳಗಳು. ನೆದರ್‌ಲ್ಯಾಂಡ್ಸ್‌ನಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ತಪಾಸಣೆಯಿಂದ ಆಯ್ದ 40 ಚಿತ್ರಗಳ ಒಂದು ಸಂಗ್ರಹ ಇದೆ, ಡ್ರೈವ್ ಅಂತ ಹೆಸರು. ನಾಳಗಳನ್ನು ಕೈಯಲ್ಲೇ ಗುರುತಿಸಿದ ಕಪ್ಪುಬಿಳುಪು ಚಿತ್ರಗಳೂ ಅದರಲ್ಲಿವೆ. ಹಾಗಾಗಿ ಥ್ರೆಶೋಲ್ಡ್ ರಗಳೆ ಇಲ್ಲ. ರೆಟಿನಾದ ನಾಳಗಳಿಗೂ ಫ್ರಾಕ್ಟಲ್ ಆಯಾಮ 1.7ರ ಸುತ್ತಮುತ್ತ ಅಂತ 1989ರಿಂದಲೇ ಪ್ರಕಟವಾಗಿದೆ. ಹಾಗಾದರೆ ರಕ್ತನಾಳವೂ ಕಣಗಳು ಅಂಟಿಕೊಂಡು ಬೆಳೆದದ್ದಾ? ಅಲ್ಲ. ಆಮ್ಲಜನಕ ಸಾಲದ ಜಾಗ ರಾಸಾಯನಿಕ ಸುಳಿವು ಕಳಿಸುತ್ತದೆ, ನಾಳ ಅದರ ಕಡೆಗೆ ಚಿಗುರುತ್ತದೆ. ತಾಮ್ರದ ಮರಕ್ಕೆ ಕುಣಿಕೆಗಳು ಅಪರೂಪ, ರಕ್ತನಾಳಕ್ಕೆ ರಕ್ತ ವಾಪಸು ಬರುವ ದಾರಿ ಇರಲೇಬೇಕು. ಒಂದು ಸಂಖ್ಯೆ ಸರಿ ಹೋಯಿತು ಅಂದ ಮಾತ್ರಕ್ಕೆ ಕಾರಣವೂ ಅದೇ ಅಂತ ಆಗೋದಿಲ್ಲ. ಇನ್ನೊಂದು ಅಳತೆ ಬೇಕು. ಫಿಜಿಯಲ್ಲಿ ಸ್ಕೆಲೆಟನೈಜ್ ಮಾಡಿ (ಕೊಂಬೆಗಳನ್ನೆಲ್ಲ ಸಪೂರ ಗೆರೆಗಳಾಗಿಸಿ), ಅನಲೈಜ್ ಸ್ಕೆಲೆಟನ್ ಕೊಟ್ಟರೆ ಎಷ್ಟು ಕವಲು, ಎಷ್ಟು ಕೂಡುವ ಜಾಗ, ಎಷ್ಟು ಬಿಡಿ ತುದಿ ಅಂತ ಎಣಿಸಿ ಕೊಡುತ್ತದೆ. ಅಲ್ಲಿ ವ್ಯತ್ಯಾಸ ಹೊರಗೆ ಬರುತ್ತದೆ.

ಎಂಜಿನಿಯರಿಂಗ್‌ನಲ್ಲಿ ಇದೇ ಕವಲು ಅಪಾಯದ ರೂಪ ತಾಳುತ್ತದೆ. ಲಿಥಿಯಂ ಲೋಹದ ಬ್ಯಾಟರಿಯನ್ನು ಜೋರಾಗಿ ಚಾರ್ಜ್ ಮಾಡಿದರೆ, ಎಲೆಕ್ಟ್ರೋಡ್ ಹತ್ತಿರ ಅಯಾನುಗಳು ಖಾಲಿಯಾದಾಗ, ಲಿಥಿಯಂ ಕೂಡ ಮರದ ಹಾಗೆ ಚಾಚುತ್ತದೆ. ಆಚೆ ಬದಿ ಮುಟ್ಟಿದರೆ ಶಾರ್ಟ್. ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ಮಾತಾಡುವ ಮಕ್ಕಳಿಗೆ ಪೆಟ್ರಿ ತಟ್ಟೆಯ ಮರ ಆಗ ಬೇರೆಯೇ ಆಗಿ ಕಾಣುತ್ತದೆ.

ನೆಟ್‌ಲೋಗೊದ ಕಾಡಿನ ಬೆಂಕಿ ಮಾದರಿಯ ಬಗ್ಗೆ ಎರಡು ಮಾತು. ಒಂದೇ ಸ್ಲೈಡರ್, ಮರಗಳ ದಟ್ಟಣೆ. ಶೇ 57 ಇದ್ದಾಗ ಬೆಂಕಿ ಸ್ವಲ್ಪ ದೂರ ಹೋಗಿ ಆರುತ್ತದೆ. ಶೇ 62 ಮಾಡಿದರೆ ಕಾಡಿನ ಆ ತುದಿಯ ತನಕ ಸುಡುತ್ತದೆ. ನಡುವೆ ಶೇ 59ರ ಸುತ್ತ ಎಲ್ಲ ಬದಲಾಗುತ್ತದೆ. ಚೌಕದ ಜಾಲದಲ್ಲಿ ಈ ಗಡಿ 0.5927 ಅಂತ ಭೌತಶಾಸ್ತ್ರದಲ್ಲಿ ಪ್ರಸಿದ್ಧ. ಸುಟ್ಟ ಕಾಡನ್ನೂ ಫಿಜಿಯಲ್ಲಿ ಅಳೆಯಿಸಿ, ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಕೊರತೆಗಳನ್ನೂ ನೇರವಾಗಿ ಹೇಳುತ್ತೇನೆ. ಫಿಜಿಯಲ್ಲಿ ಅನ್‌ಡೂ ಒಂದೇ ಹೆಜ್ಜೆ. ಎರಡು ಹೆಜ್ಜೆ ಹಿಂದೆ ಹೋಗೋಕೆ ಆಗೋದಿಲ್ಲ. ಅದಕ್ಕೇ ಏನು ಮಾಡುವ ಮುಂಚೆಯೂ ಡುಪ್ಲಿಕೇಟ್ ಮಾಡಿಕೊಳ್ಳುವ ಅಭ್ಯಾಸ ಬೇಕು. ಮ್ಯಾಕ್ರೋ ರೆಕಾರ್ಡರ್ ತೆರೆದಿಟ್ಟರೆ ಮಾಡಿದ್ದೆಲ್ಲ ಅಕ್ಷರದಲ್ಲಿ ದಾಖಲಾಗುತ್ತದೆ. ವರದಿ ಬರೆಯೋಕೂ, ಉಳಿದ ಚಿತ್ರಗಳಿಗೆ ಅದನ್ನೇ ಓಡಿಸೋಕೂ ಸಹಾಯ. ಕಪ್ಪು ಯಾವುದು ಬಿಳಿ ಯಾವುದು ಅನ್ನೋ ಗೊಂದಲ ಇನ್ನೊಂದು. ಪರದೆಯಲ್ಲಿ ಕಪ್ಪಗೆ ಕಾಣುವ ಪಿಕ್ಸೆಲ್‌ನ ಬೆಲೆ ಕೆಲವೊಮ್ಮೆ 255 ಇರುತ್ತದೆ. ಇಷ್ಟು ವರ್ಷವಾದರೂ ಇದನ್ನು ಸರಿ ಮಾಡದೆ ಉಳಿಸಿಕೊಂಡಿರೋದು ನನಗೆ ಬೇಸರದ ವಿಷಯ. ಮತ್ತೆ, ಜೆಪೆಗ್ ಬೇಡ. ಫೈಲ್ ಸಣ್ಣದು ಮಾಡುವ ಭರದಲ್ಲಿ ಅದು ಅಂಚುಗಳಲ್ಲಿ ಇಲ್ಲದ ಪಿಕ್ಸೆಲ್ ಹುಟ್ಟಿಸುತ್ತದೆ. ಫೋನ್‌ನಲ್ಲಿ ರಾ ಸಿಕ್ಕರೆ ರಾ ತೆಗೆಯಿರಿ, ನಡುವಿನ ಹೆಜ್ಜೆಗಳನ್ನೆಲ್ಲ ಟಿಫ್‌ನಲ್ಲಿ ಉಳಿಸಿ.

ನೆಟ್‌ಲೋಗೊದ ತೊಂದರೆ ಬೇರೆ ಥರದ್ದು. ಕಣಗಳು ಲಕ್ಷ ದಾಟಿದರೆ ತೆವಳುತ್ತದೆ. ವ್ಯೂ ಅಪ್‌ಡೇಟ್ಸ್ ಟಿಕ್ ತೆಗೆದರೆ ಸ್ವಲ್ಪ ಓಡುತ್ತದೆ. ಸೇತುವೆಯ ತೊಲೆ ಎಷ್ಟು ಭಾರ ತಡೆಯುತ್ತದೆ, ಪೈಪಿನಲ್ಲಿ ನೀರಿನ ಒತ್ತಡ ಎಷ್ಟು ಅನ್ನುವ ಲೆಕ್ಕಕ್ಕೆ ಇದು ಬೇಡ, ಅದಕ್ಕೆ ಬೇರೆ ಸಾಧನಗಳಿವೆ. ಇದರಲ್ಲಿ ಮಿಲಿಮೀಟರ್ ಇಲ್ಲ, ಸೆಕೆಂಡ್ ಇಲ್ಲ, ಬರೀ ಪ್ಯಾಚ್ ಮತ್ತು ಟಿಕ್ (ಮಾದರಿ ಇಡುವ ಒಂದೊಂದು ಹೆಜ್ಜೆ). ಅದನ್ನು ನಿಜದ ಅಳತೆಗೆ ಹೊಂದಿಸೋದು ನಮ್ಮ ಕೆಲಸ. ಎಲ್ಲಕ್ಕಿಂತ ದೊಡ್ಡ ಅಪಾಯ ಅಂದರೆ ಅದು ನೋಡೋಕೆ ತುಂಬಾ ಚೆನ್ನಾಗಿರೋದು. ಪರದೆ ಮೇಲೆ ಹಕ್ಕಿ ಹಿಂಡು ತಿರುಗಿದ ತಕ್ಷಣ ಮನಸ್ಸು ನಂಬಿಬಿಡುತ್ತದೆ. ಒಂದೇ ಸಲ ಓಡಿಸಿ ತೀರ್ಮಾನಕ್ಕೆ ಬರಬೇಡಿ. ಬಿಹೇವಿಯರ್‌ಸ್ಪೇಸ್ ಅನ್ನೋ ಸೌಲಭ್ಯ ಇದೆ. ಸ್ಲೈಡರ್‌ನ ಬೇರೆ ಬೇರೆ ಬೆಲೆಗಳಿಗೆ, ಪ್ರತಿಯೊಂದಕ್ಕೂ ಹಲವು ಸಲ, ತಾನೇ ಓಡಿಸಿ ಫಲಿತಾಂಶವನ್ನು ಟೇಬಲ್ ಆಗಿ ಕೊಡುತ್ತದೆ. ಅದನ್ನು ಬಳಸದೆ ನೆಟ್‌ಲೋಗೊ ಪ್ರಾಜೆಕ್ಟ್ ಒಪ್ಪಬಾರದು ಅಂತ ಪರೀಕ್ಷೆಗೆ ಬರುವ ಸಹೋದ್ಯೋಗಿಗಳಿಗೂ ಹೇಳುತ್ತೇನೆ.

ಯಾರಿಗೆ ಇದು? ಎಂಜಿನಿಯರಿಂಗ್, ಬಿಎಸ್ಸಿ, ಬಯೋಟೆಕ್ ಯಾವುದೇ ಇರಲಿ, ಮೈಕ್ರೋಸ್ಕೋಪ್ ಅಥವಾ ಕ್ಯಾಮೆರಾ ಇರುವ ಲ್ಯಾಬ್‌ಗೆ ಕಣ್ಣು ಮುಚ್ಚಿ ಫಿಜಿ ಹಾಕಿಸಿ. ಹೈಸ್ಕೂಲ್ ಮೇಷ್ಟ್ರುಗಳಿಗೆ ನೆಟ್‌ಲೋಗೊ ಮೊದಲು. ಅದಕ್ಕೆ ನೆಟ್‌ಲೋಗೊ ವೆಬ್ ಅಂತ ಬ್ರೌಸರ್‌ನಲ್ಲೇ ಓಡುವ ರೂಪ ಇದೆ, ಫೋನ್‌ನಲ್ಲೂ ನಡೆಯುತ್ತದೆ. ಇಮೇಜ್‌ಜೆಗೂ ಬ್ರೌಸರ್ ರೂಪ ಬಂದಿದೆ, ಹೆಸರು ಇಮೇಜ್‌ಜೆ.ಜೆಎಸ್. ಹಳೇ ಕಂಪ್ಯೂಟರ್ ಸಾಕು. ಆದರೆ ನೂರಾರು ಪದರಗಳ ಸ್ಕ್ಯಾನ್ ತೆರೆಯುವ ಇರಾದೆ ಇದ್ದರೆ ರ‍್ಯಾಮ್ ಹಾಕಿಸಿಕೊಳ್ಳಿ, ಫಿಜಿ ಚಿತ್ರವನ್ನೆಲ್ಲ ಅದರಲ್ಲೇ ಇಟ್ಟುಕೊಳ್ಳುತ್ತದೆ. ಮೆನುಗಳು ಕನ್ನಡದಲ್ಲಿಲ್ಲ, ಇಂಗ್ಲಿಷ್‌ನಲ್ಲಿ ಬಳಸಬೇಕು. ನಮ್ಮ ಲ್ಯಾಬ್‌ನಲ್ಲಿ ಪ್ರತಿ ಕಂಪ್ಯೂಟರ್ ಪಕ್ಕ ಕನ್ನಡದಲ್ಲಿ ಬರೆದ ಒಂದು ಹಾಳೆ ಅಂಟಿಸಿದ್ದೇವೆ: ಮೊದಲು ಗೆರೆ ಮತ್ತು ವೃತ್ತ ಅಳೆ, ಡುಪ್ಲಿಕೇಟ್ ಮಾಡು, ನೀಲಿ ಚಾನೆಲ್ ತೆಗೆದುಕೋ, ಥ್ರೆಶೋಲ್ಡ್ ವಿಧಾನ ಬರೆದಿಡು, ಪ್ಯಾಚ್ ಅಳತೆ 1 ಮಾಡು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಅದನ್ನು ನೋಡಿಕೊಂಡು ಮೊದಲ ದಿನವೇ ತಾವಾಗೇ ಅಳೆಯುತ್ತಾರೆ.